ಹಿತ್ತಲ ಹಳ್ಳ

"ಗುರುಗಳೇ, ಕೆಂಚಯ್ಯ ಅಡಿಗೆಗೆ ಬಂದ ಮೇಲೆ ಮಠದಲ್ಲಿ ಮೂವರು ಹಾಸಿಗೆ ಹಿಡಿದರು. ಅವನ ಕಾಲ್ಗುಣವೇ ಸರಿಯಿಲ್ಲ. ಅವನನ್ನು ಕಳಿಸಿಬಿಡಲು ಇನ್ನೆಷ್ಟು ಸಾಕ್ಷಿ ಬೇಕು?" ಎಂದು ಮರಿಸಿದ್ಧ ಕೇಳಿದ. ಮಠದ ಉಗ್ರಾಣ ನೋಡಿಕೊಳ್ಳುವ ಶಿಷ್ಯ ಅವನು. ಅವನ ಮಾತಿಗೆ ತೂಕವಿತ್ತು.

"ಓಹೋ, ತೀರ್ಪು ಆಗಲೇ ಆಗಿಹೋಗಿದೆಯಲ್ಲ! ಕೂತುಕೋ ಮಾರಾಯ" ಎಂದು ಗುರುಗಳು ಕತೆ ತೆಗೆದರು.

ಒಬ್ಬ ಕುಂಬಾರನಿದ್ದ. ಮಡಕೆ ಸುಡುವ ಆವಿಗೆ ಬಿಚ್ಚಿದಾಗಲೆಲ್ಲ ಅದರ ಬೂದಿ, ಒಡೆದ ಮಡಕೆಗಳನ್ನು ಹಿತ್ತಲ ಹಳ್ಳಕ್ಕೆ ಸುರಿಯುವುದು ಅವರ ಮನೆಯ ವಾಡಿಕೆ. ಅವನ ಮದುವೆ ಗೊತ್ತಾಯಿತು. ಚಪ್ಪರಕ್ಕೆ ಜಾಗ ಬೇಕಲ್ಲ, ಹಳ್ಳಕ್ಕೆ ಮಣ್ಣು ಮುಚ್ಚಿ ಮಟ್ಟ ಮಾಡಿದರು. ಹೆಂಡತಿ ಮನೆಗೆ ಬಂದಳು. ಆಮೇಲೆ ಒಡೆದದ್ದೆಲ್ಲ ಆ ಮಟ್ಟ ನೆಲದ ಮೇಲೆ ಗುಡ್ಡೆಯಾಗುತ್ತ ಹೋಯಿತು.

ಒಂದು ದಿನ ತಾಯಿ ಗುಡ್ಡೆ ತೋರಿಸಿ, "ಇವಳು ಹೊಸಿಲು ತುಳಿಯುವ ಮುಂಚೆ ಇಲ್ಲಿ ಒಂದು ಚೂರಾದರೂ ಇತ್ತೇನೋ?" ಎಂದಳು. ಕುಂಬಾರ ನೋಡಿದ. ನಿಜ, ಇರಲಿಲ್ಲ. ಹಿಂದೆ ಒಡೆದದ್ದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಹೆಂಡತಿಯೆಂದರೆ ಅವನಿಗೆ ಪ್ರಾಣ. ಆದರೂ ತವರಿಗೆ ಬಿಟ್ಟುಬಂದ. ಅವಳು ಜಗಳವಾಡಲಿಲ್ಲ. ಅವಳೂ ಆ ಗುಡ್ಡೆಯನ್ನು ದಿನಾ ನೋಡಿದ್ದಳು.

ಅವಳು ಹೋದ ಮೇಲೂ ಮಡಕೆ ಒಡೆದವು. ಆವಿಗೆಯ ಜಾಗವೇ ಕೆಟ್ಟದ್ದೆಂದು ಕುಂಬಾರ ಹೊಸ ಆವಿಗೆಗಾಗಿ ಹಿತ್ತಲು ಅಗೆದ. ಹಾರೆಗೆ ಹಳೆಯ ಚೂರುಗಳು ಸಿಕ್ಕವು. ಅವನ ಕಾಲದವು, ಅಪ್ಪನ ಕಾಲದವು, ಅದಕ್ಕೂ ಹಿಂದಿನವು. ಬೂದಿಯ ಮೇಲೆ ಒಡಕು, ಒಡಕಿನ ಮೇಲೆ ಬೂದಿ. ಒಂದು ಪದರ ತೆಳು, ಒಂದು ದಪ್ಪ. ಒಡಕಿಲ್ಲದ ಪದರ ಒಂದೂ ಇರಲಿಲ್ಲ. ಅವಳಿದ್ದಾಗ ಒಡೆದದ್ದಕ್ಕಿಂತ ಹೆಚ್ಚು ಒಡಕು ತುಂಬಿದ ಪದರಗಳೂ ಅಲ್ಲಿದ್ದವು. ಅಯ್ಯೋ, ಏನು ಮಾಡಿಬಿಟ್ಟೆ ಎಂದು ಅವನು ಹಳ್ಳದಲ್ಲೇ ಕುಸಿದು ಕೂತು ಅತ್ತ.

ಒಂದು ಹೊಸ ಮಡಕೆ ಹಿಡಿದುಕೊಂಡು ತವರಿಗೆ ಓಡಿದ. ಎಲ್ಲವನ್ನೂ ಹೇಳಿ, ತಪ್ಪಾಯಿತೆಂದು ಮಡಕೆಯನ್ನು ಅವಳ ಮುಂದೆ ಹಿಡಿದ. ಅವಳು ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ಹಿಂದೆ ಸರಿದಳು.

"ಬೇಡಿ, ನಾನು ಮುಟ್ಟಿದರೆ ಒಡೆದೀತು" ಎಂದಳು.

ಅಲ್ಲಿಗೆ ಗುರುಗಳು ಕತೆ ನಿಲ್ಲಿಸಿದರು. ಮರಿಸಿದ್ಧನಿಗೆ ತಡೆಯಲಾಗಲಿಲ್ಲ. "ಅವಳನ್ನು ಕರೆತಂದು ಆ ಹಳ್ಳ ತೋರಿಸಬಹುದಿತ್ತಲ್ಲ?"

ಅಡಿಗೆಮನೆಯಲ್ಲಿ ಕೆಂಚಯ್ಯ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು.

"ತೋರಿಸಿದ ಕಣಪ್ಪಾ, ಆದರೂ ಅವಳ ಕೈ ಸೆರಗಿನಿಂದ ಹೊರಗೆ ಬರಲಿಲ್ಲ. ಅಗೆಯುವುದು ಕಳಿಸುವುದಕ್ಕಿಂತ ಮೊದಲಿನ ಕೆಲಸವಾಗಿತ್ತು" ಎಂದರು ಗುರುಗಳು.

ಕೆಂಚಯ್ಯ ಬರುವ ಮುಂಚೆ ಮಠದಲ್ಲಿ ಎಷ್ಟು ಜನ ಹಾಸಿಗೆ ಹಿಡಿದಿದ್ದರೆಂದು ಹಳೆಯ ಲೆಕ್ಕದಲ್ಲಿ ಹುಡುಕಲು ಮರಿಸಿದ್ಧ ಎದ್ದ.