ನಾಗಾಲೋಟಕ್ಕೆ ಎಷ್ಟು ಕಾಲು?

ಹರಳಕೋಟೆಯ ಅರಮನೆಯಲ್ಲಿ ನಾನು, ಕೊಟ್ಟೂರಯ್ಯ, ವಿದೂಷಕನಾಗಿದ್ದೆ. ಸಭೆಗೆ ಮೊದಲು ನನ್ನ ಹೊಟ್ಟೆ ಬರುತ್ತಿತ್ತು, ಆಮೇಲೆ ನಾನು. ಹೊಟ್ಟೆಗಿಂತಲೂ ಮುಂದೆ ಓಡುತ್ತಿದ್ದದ್ದು ನಾಲಿಗೆ.

ಒಂದು ದಿನ ದೊರೆ ಮಲ್ಲನಾಯಕರು ಕುದುರೆ ಓಡಿಸಿ ಬಂದವರೇ ಕೇಳಿದರು: "ಕುದುರೆ ಜೋರಾಗಿ ಓಡಿದರೆ ನಾಗಾಲೋಟ ಅಂತೀವಲ್ಲ, ಯಾಕೆ?"

ಪಂಡಿತ ಅನಂತಶಾಸ್ತ್ರಿಗಳು ಕಣ್ಣು ಮುಚ್ಚಿದರು. "ನಾಗ ಎಂದರೆ ಸರ್ಪ, ಪ್ರಭು. ಸರ್ಪದಂತೆ ಸರ್ರನೆ ಸಾಗುವ ಓಟ."

ನಾನು ಸುಮ್ಮನಿರಬಾರದಿತ್ತೇ? "ಹಾವೂ ಇಲ್ಲ, ಹುತ್ತವೂ ಇಲ್ಲ. ನಾಲ್ಕು ಕಾಲಿನ ಓಟವೇ ಜನರ ಬಾಯಲ್ಲಿ ಸವೆದು ನಾಗಾಲೋಟ ಆಗಿದೆ. ಬೇಕಿದ್ದರೆ ಕುದುರೆ ಹತ್ತಿ ತೋರಿಸ್ತೀನಿ!" ಎಂದುಬಿಟ್ಟೆ.

"ಸರಿ, ನಾಳೆ ಇಬ್ಬರೂ ಹತ್ತಿ ತೋರಿಸಿ. ಸೋತವರು ಆಸ್ಥಾನ ಬಿಡಬೇಕು" ಎಂದರು ದೊರೆ.

ನಾನು ಕುದುರೆ ಹತ್ತಿದ್ದು ಒಂದೇ ಸಲ. ಇಳಿದದ್ದು ನನ್ನ ಇಷ್ಟದಿಂದಲ್ಲ. ಆಸ್ಥಾನ ಬಿಟ್ಟರೆ ಅರಮನೆಯ ಊಟ ಹೋಗುತ್ತದೆ, ಕುದುರೆ ಹತ್ತಿದರೆ ಊಟ ಮಾಡುವ ಹಲ್ಲೇ ಹೋಗುತ್ತವೆ.

ಮರುದಿನ ಬಯಲಲ್ಲಿ ಊರೇ ನೆರೆದಿತ್ತು. ಮೇಯುವ ಕುದುರೆ ದೂರ ಹೋಗದಂತೆ ಮುಂಗಾಲಿಗೆ ಹಗ್ಗ ಕಟ್ಟುವುದು ನಮ್ಮಲ್ಲಿ ವಾಡಿಕೆ. ಎರಡು ಕುದುರೆಗಳೂ ಹಾಗೆಯೇ ನಿಂತಿದ್ದವು. ಶಾಸ್ತ್ರಿಗಳು ಸವಾರಿ ಬಲ್ಲವರು. ಕಚ್ಚೆ ಬಿಗಿದು ಠೀವಿಯಿಂದ ಏರಿ ಕೂತರು. ಲಾಯದವನು ಹಗ್ಗ ಬಿಚ್ಚಲು ಬಗ್ಗಿದ.

"ತಡಿಯಪ್ಪಾ! ಶಾಸ್ತ್ರಿಗಳದು ಹಾವಿನ ಓಟ. ಹಾವಿಗೆಲ್ಲಿ ಕಾಲು? ಹಗ್ಗ ಹಾಗೇ ಇರಲಿ" ಎಂದೆ.

ಶಾಸ್ತ್ರಿಗಳು ಲಗಾಮು ಜಗ್ಗಿದರು, ಗದರಿದರು, ಮುದ್ದು ಮಾಡಿದರು. ಕುದುರೆ ಕಪ್ಪೆಯಂತೆ ಕುಪ್ಪಳಿಸಿ ಹುಲ್ಲಿಗೆ ಬಾಯಿ ಹಾಕಿತು. ಜನ ಸಿಳ್ಳೆ ಹೊಡೆದರು.

"ಕಾಲು ಬಿಚ್ಚೋ! ಕಾಲಿಲ್ಲದೆ ಹೇಗೋ ಓಡುತ್ತೆ?" ಎಂದು ಶಾಸ್ತ್ರಿಗಳು ಕಿರುಚಿದರು.

"ಕೇಳಿದಿರಾ ಪ್ರಭು? ಅವರೇ ಒಪ್ಪಿಕೊಂಡರು!"

ದೊರೆ ಮೀಸೆಯಲ್ಲೇ ನಕ್ಕರು. "ಒಪ್ಪಿದೆ. ಈಗ ನಿನ್ನ ಸರದಿ. ಹತ್ತು!"

ನಾನು ಕುದುರೆಯನ್ನು ನೋಡಿದೆ, ಕುದುರೆ ನನ್ನ ಹೊಟ್ಟೆಯನ್ನು ನೋಡಿತು. ಇಬ್ಬರಿಗೂ ಭಯವಾಯಿತು.

"ಹತ್ತೋದಕ್ಕೇನು ಪ್ರಭು... ಆದರೆ ಕುದುರೆಯ ಕಾಲು ನಾಲ್ಕು, ನನ್ನವು ಎರಡು. ನಾನು ಹತ್ತಿದರೆ ಆರು ಕಾಲಿನ ಓಟವಾಗಿ ಅರ್ಥವೇ ಕೆಟ್ಟುಹೋಗುತ್ತಲ್ಲ!"

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಶಾಸ್ತ್ರಿಗಳು ಹೋದರೆ ಇನ್ಯಾರನ್ನು ಗೇಲಿ ಮಾಡ್ತೀಯ? ಇಬ್ಬರೂ ಇರಿ. ಆ ಕುದುರೆ ನಿನಗೆ ಬಹುಮಾನ."

ಲಗಾಮು ಹಿಡಿದು ನಡೆದುಕೊಂಡೇ ಮನೆ ಸೇರಿದೆ. ಬಾಗಿಲಲ್ಲಿದ್ದ ಹೆಂಡತಿ ನಮ್ಮಿಬ್ಬರನ್ನೂ ನೋಡಿ ತಲೆ ಚಚ್ಚಿಕೊಂಡಳು.

"ಅಯ್ಯೋ, ಒಂದಕ್ಕೇ ಮೇವು ಹಾಕಿ ಸಾಕಾಗಿದೆ. ಇನ್ನೊಂದ್ಯಾಕೆ ತಂದ್ರಿ?"