ಕೊಟ್ಟುಬಿಟ್ಟ ಕಾರೆಕಂಡಿ

ಮಕ್ಕಳೇ, ಯುರೋಪಿನಲ್ಲಿ ಎರಡು ಮಹಾಯುದ್ಧಗಳ ನಡುವೆ ಸುಮಾರು ಇಪ್ಪತ್ತು ವರ್ಷಗಳ ಬಿಡುವಿತ್ತು. ಆ ಬಿಡುವು ಹೇಗೆ ಮುಗಿಯಿತು ಎಂಬುದನ್ನು ನೀವು ಚರಿತ್ರೆಯ ಪಾಠದಲ್ಲಿ ಓದುತ್ತೀರಿ. ಅಂಥದೇ ಸಂಗತಿ ಒಂದು ಕಾಡಿನಲ್ಲಿ ನಡೆದಿದ್ದರೆ ಹೇಗಿರುತ್ತಿತ್ತು? ಕೇಳಿ, ಹೇಳುತ್ತೇನೆ.

ಗುಡ್ಡಗಳ ನಡುವೆ ಒಂದು ಹುಲ್ಲುಗಾವಲಿತ್ತು. ಅದರ ಮಧ್ಯೆ ಅಗಲವಾದ ಕೆರೆ, ಕೆರೆಯೊಳಗೆ ಒಂದು ನಡುಗಡ್ಡೆ. ಆ ಹುಲ್ಲುಗಾವಲಿನಲ್ಲಿ ಜಿಂಕೆ, ಮೊಲ, ಕಡವೆ, ಕಾಡುಕೋಣಗಳು ವಾಸವಾಗಿದ್ದವು. ಬಡಗಣ ಕಲ್ಲುಗುಡ್ಡದಲ್ಲಿ ತೋಳಗಳಿದ್ದವು. ಗುಡ್ಡದಿಂದ ಹುಲ್ಲುಗಾವಲಿಗೆ ಇಳಿಯಲು ಇದ್ದದ್ದು ಒಂದೇ ಇಕ್ಕಟ್ಟು ದಾರಿ. ಅದರ ತುಂಬ ಕಾರೆಮುಳ್ಳಿನ ಪೊದೆಗಳು ಒಂದಕ್ಕೊಂದು ಹೆಣೆದುಕೊಂಡಿದ್ದರಿಂದ ಎಲ್ಲರೂ ಅದನ್ನು ಕಾರೆಕಂಡಿ ಎನ್ನುತ್ತಿದ್ದರು. ಆ ಪೊದೆಗಳ ಬುಡದಲ್ಲಿ ಸೂಜಕ್ಕ ಎಂಬ ಮುಳ್ಳುಹಂದಿ ತನ್ನ ಬಳಗದ ಜೊತೆ ಬಿಲ ತೋಡಿಕೊಂಡು ಸಂಸಾರ ಮಾಡುತ್ತಿದ್ದಳು. ಕೆಲವು ನರಿಗಳೂ ಅಲ್ಲೇ ನೆರೆಯಲ್ಲಿದ್ದವು.

ಹಿಂದೊಮ್ಮೆ ತೋಳಗಳಿಗೂ ಹುಲ್ಲುಗಾವಲಿನವರಿಗೂ ದೊಡ್ಡ ಕಾಳಗವಾಗಿತ್ತು. ತೋಳಗಳು ಸೋತು ಗುಡ್ಡ ಸೇರಿದವು. ಆದರೆ ಗೆದ್ದವರ ಮನೆಗಳಲ್ಲೂ ನಗು ಇರಲಿಲ್ಲ. ಹುಲ್ಲುಗಾವಲಿಗೆ ಹಿರಿಯನಾಗಿದ್ದ ಕಡವೆಯಜ್ಜ ಇಬ್ಬರು ಗಂಡುಮಕ್ಕಳನ್ನು ಕಳೆದುಕೊಂಡಿದ್ದ. "ಏನಾದರೂ ಆಗಲಿ, ಇನ್ನೊಂದು ಕಾಳಗ ಮಾತ್ರ ಬೇಡ" ಎಂದು ಅವನು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದ. ಅವನ ಮಾತಿಗೆ ಎಲ್ಲರೂ ತಲೆದೂಗುತ್ತಿದ್ದರು.

ಕಾಲ ಸರಿಯಿತು. ಕೆಂಗಣ್ಣ ಎಂಬ ತೋಳ ಗುಡ್ಡಕ್ಕೆ ನಾಯಕನಾದ. ಸೋಲಿನ ಸಿಟ್ಟನ್ನು ಅವನು ಮರಿಗಳಿಗೆ ಹಾಲಿನ ಜೊತೆಗೇ ಕುಡಿಸಿದ. ಮೊದಲು ಕಂಡಿಯಿಂದ ಆಚೆ, ಗುಡ್ಡದ ಕೆಳಗಿನ ಬಯಲಿಗೆ ಬಂದು ಕೂತ. ಅಲ್ಲಿಗೆ ತೋಳಗಳು ಕಾಲಿಡಬಾರದೆಂದು ಹಳೆಯ ಒಪ್ಪಂದವಿತ್ತು.

"ಅವನ ಹಿತ್ತಲಿನಂಥ ಜಾಗ, ಬಂದರೆ ಬರಲಿ" ಎಂದ ಕಡವೆಯಜ್ಜ.

ಆಮೇಲೆ ಕೆಂಗಣ್ಣ ಪಕ್ಕದ ದಿಬ್ಬವನ್ನೂ ಹಿಡಿದ. ಆಗಲೂ ಯಾರೂ ತಡೆಯಲಿಲ್ಲ. ಒಂದು ದಿನ ಅವನಿಂದ ಸುದ್ದಿ ಬಂತು. "ಕಾರೆಕಂಡಿಯಲ್ಲಿ ಇರುವ ನರಿಗಳು ನಮ್ಮ ನೆಂಟರು. ಆ ಮುಳ್ಳುಹಂದಿ ಅವರನ್ನು ಗೋಳು ಹೊಯ್ದುಕೊಳ್ಳುತ್ತಿದ್ದಾಳೆ. ಕಂಡಿಯನ್ನು ನಮಗೆ ಬಿಡಿ. ಇಲ್ಲದಿದ್ದರೆ ಕಾಳಗ."

ಸೂಜಕ್ಕ ಹೆದರಲಿಲ್ಲ. ಅವಳ ಬೆನ್ನ ಮೇಲೆ ಮುಳ್ಳುಗಳಿದ್ದವು, ಮನೆಯ ಸುತ್ತಲೂ ಮುಳ್ಳುಗಳಿದ್ದವು. ಜೊತೆಗೆ ಕೋಣಪ್ಪ ಎಂಬ ಕಾಡುಕೋಣ ಅವಳಿಗೆ ಭಾಷೆ ಕೊಟ್ಟಿದ್ದ. "ನಿನ್ನ ತಂಟೆಗೆ ಯಾರಾದರೂ ಬಂದರೆ ನನ್ನ ಕೊಂಬು ನಿನ್ನ ಪಕ್ಕದಲ್ಲಿರುತ್ತದೆ" ಎಂದಿದ್ದ.

ಆದರೆ ಕಡವೆಯಜ್ಜನಿಗೆ ನಿದ್ದೆ ಹತ್ತಲಿಲ್ಲ. ಅವನು ಕೋಣಪ್ಪನನ್ನು ಕರೆದುಕೊಂಡು ತಾನೇ ಗುಡ್ಡ ಹತ್ತಿದ. ಸುದ್ದಿ ತಿಳಿದು ಸೂಜಕ್ಕನೂ ಹಿಂದೆಯೇ ಓಡಿಬಂದಳು. ಕೆಂಗಣ್ಣನ ಗವಿಯ ಬಾಗಿಲಲ್ಲಿ ತೋಳವೊಂದು ಅವಳನ್ನು ತಡೆದು, "ನಿನಗೆ ಕರೆ ಇಲ್ಲ. ಆ ಬಂಡೆಯ ಹತ್ತಿರ ಕೂತಿರು" ಎಂದಿತು. ಅಜ್ಜ ಅದನ್ನು ಕೇಳಿಸಿಕೊಂಡ. ಕೇಳಿಸದವನಂತೆ ಒಳಗೆ ಹೋದ.

ಒಳಗೆ ಕೆಂಗಣ್ಣ ಬಹಳ ಮರ್ಯಾದೆಯಿಂದ ಮಾತಾಡಿದ. "ಹಿರಿಯರು ಇಷ್ಟು ದೂರ ಬಂದಿರಿ. ನನಗೆ ಕಂಡಿ ಒಂದು ಸಿಕ್ಕರೆ ಸಾಕು. ಇದೇ ಕೊನೆ, ಮತ್ತೇನೂ ಕೇಳುವುದಿಲ್ಲ."

"ಮಾತು ಕೊಡುತ್ತೀಯಾ?"

"ಕೊಟ್ಟೆ."

ಅಜ್ಜ ಕೋಣಪ್ಪನ ಮುಖ ನೋಡಿದ. ಕೋಣಪ್ಪ ನೆಲ ನೋಡಿದ. ಅಷ್ಟರಲ್ಲಿ ತೀರ್ಮಾನ ಮುಗಿದಿತ್ತು.

ಹೊರಗೆ ಬಂದು ಕಡವೆಯಜ್ಜ ಸೂಜಕ್ಕನಿಗೆ ಮೆತ್ತಗೆ ಹೇಳಿದ. "ಕಂಡಿಯನ್ನು ಬಿಟ್ಟುಕೊಡಬೇಕಮ್ಮ. ಅದರ ಹಿಂದಿನ ಇಳಿಜಾರು ನಿನಗೇ ಉಳಿಯುತ್ತದೆ."

ಸೂಜಕ್ಕ ಬಂಡೆಯ ಪಕ್ಕದಿಂದ ಎದ್ದು ನಿಂತಳು. "ನನ್ನ ಮನೆಯ ಮಾತು. ನನ್ನನ್ನು ಕೇಳಬೇಕು ಅನ್ನಿಸಲಿಲ್ಲವೇ ಅಜ್ಜ?"

"ಕೇಳಿದ್ದರೆ ನೀನು ಒಪ್ಪುತ್ತಿರಲಿಲ್ಲ."

"ಈಗಲೂ ಒಪ್ಪುವುದಿಲ್ಲ ಎಂದರೆ?"

"ಆಗ ನೀನು ಒಬ್ಬಳೇ ಕಾದಾಡಬೇಕಾಗುತ್ತದೆ."

ಅವಳು ಕೋಣಪ್ಪನ ಕಡೆ ತಿರುಗಿದಳು. "ನಿನ್ನ ಭಾಷೆ ಏನಾಯಿತು, ಅಣ್ಣ?"

"ನನಗೂ ಮಕ್ಕಳಿದ್ದಾರೆ, ಸೂಜಕ್ಕ" ಎಂದ ಕೋಣಪ್ಪ.

"ಆ ಮಕ್ಕಳು ಮಲಗುವ ಮನೆಗೂ ಬಾಗಿಲು ಇದೇ ಕಂಡಿ" ಎಂದಳು ಅವಳು. ಮತ್ತೆ ವಾದ ಮಾಡಲಿಲ್ಲ. ಮನೆಗೆ ಹೋಗಿ, ಬಳಗವನ್ನೆಲ್ಲ ಎಬ್ಬಿಸಿ, ತಲೆಮಾರುಗಳಿಂದ ಇದ್ದ ಬಿಲಗಳನ್ನು ಬಿಟ್ಟು ಹಿಂದಿನ ಇಳಿಜಾರಿಗೆ ಹೊರಟಳು. ಚಿಕ್ಕ ಮರಿಯೊಂದು, "ನಾವೇನು ತಪ್ಪು ಮಾಡಿದೆವು?" ಎಂದು ಕೇಳಿತು. ಸೂಜಕ್ಕ ಅದನ್ನು ಮುಂದೆ ಬಿಟ್ಟುಕೊಂಡು ನಡೆದಳು.

ಇತ್ತ ಹುಲ್ಲುಗಾವಲಿನಲ್ಲಿ ಹಬ್ಬದ ಸಡಗರ. ಕಾಳಗ ತಪ್ಪಿತೆಂದು ಮೊಲಗಳು ಕುಣಿದವು. ಜಿಂಕೆಗಳು ಕಡವೆಯಜ್ಜನ ಮುಂದೆ ಎಳೆಯ ಚಿಗುರು ತಂದು ರಾಶಿ ಹಾಕಿದವು. "ನಿಮ್ಮ ಮಕ್ಕಳ ಕಾಲಕ್ಕೂ ನೆಮ್ಮದಿ ತಂದಿದ್ದೇನೆ" ಎಂದ ಅಜ್ಜ. ಅವನು ಸುಳ್ಳು ಹೇಳಲಿಲ್ಲ. ಹಾಗೆಂದೇ ನಂಬಿದ್ದ.

ತೋಳಗಳು ಕಾರೆಪೊದೆಗಳನ್ನು ಬುಡಸಹಿತ ಕಿತ್ತು ದಾರಿಯನ್ನು ಅಗಲ ಮಾಡಿದವು. ಚಳಿಗಾಲ ಕಳೆಯುವ ಹೊತ್ತಿಗೆ ಹಿಂದಿನ ಇಳಿಜಾರನ್ನೂ ನುಂಗಿ, ಸೂಜಕ್ಕನ ಬಳಗವನ್ನು ಅಲ್ಲಿಂದಲೂ ಓಡಿಸಿದವು. ಕಂಡಿ ಸಿಕ್ಕರೆ ಸಾಕು ಎಂಬ ಮಾತು ಕೆಂಗಣ್ಣನಿಗೆ ನೆನಪಿರಲಿಲ್ಲ. ತನ್ನ ನೆಂಟರೆಂದ ನರಿಗಳನ್ನಾದರೂ ಅವನು ಚೆನ್ನಾಗಿ ನೋಡಿಕೊಂಡನೇ? ಅದೂ ಇಲ್ಲ. ಅವುಗಳನ್ನು ತನ್ನ ಪಡೆಯ ಮುಂದೆ ನಿಲ್ಲಿಸಿದ, ಅಷ್ಟೇ.

ಒಂದು ಮಂಜಿನ ಮುಂಜಾನೆ ತೋಳಗಳ ಹಿಂಡು ಆ ಅಗಲದ ದಾರಿಯಲ್ಲಿ ಹುಲ್ಲುಗಾವಲಿಗೆ ಇಳಿಯಿತು. ಮೊದಲು ಸಿಕ್ಕವನು ಕೋಣಪ್ಪ. ಅವನು ಧೈರ್ಯವಾಗಿಯೇ ಹೋರಾಡಿದ. ಆದರೆ ಬಯಲಿನಲ್ಲಿ ಸುತ್ತಲಿಂದ ಬಂದ ಹಿಂಡನ್ನು ಎಷ್ಟು ಹೊತ್ತು ತಡೆದಾನು? ಸೂರ್ಯ ಏರುವಷ್ಟರಲ್ಲಿ ಮಂಡಿ ಊರಿ ಬಿದ್ದ. ಕಡವೆಯಜ್ಜ ಉಳಿದವರನ್ನು ಕೂಡಿಸಿಕೊಂಡು ಕೆರೆ ಈಜಿ ನಡುಗಡ್ಡೆ ಸೇರಿದ. ಹಿಂತಿರುಗಿ ನೋಡಿದರೆ ದಡದ ತುಂಬ ತೋಳಗಳು.

ಆ ಸಂಜೆ ನೀರಿನಲ್ಲಿ ಇನ್ನೊಂದು ಸಾಲು ಈಜಿಕೊಂಡು ಬಂತು. ಸೂಜಕ್ಕ ಮತ್ತು ಅವಳ ಬಳಗದಲ್ಲಿ ಉಳಿದವರು. ಅಜ್ಜ ತಾನೇ ನೀರಿಗಿಳಿದು ಮರಿಗಳನ್ನು ದಡ ಹತ್ತಿಸಿದ.

"ನೀನು ನನ್ನನ್ನು ಬೈಯಬೇಕು, ಸೂಜಕ್ಕ" ಎಂದ. "ನನ್ನ ಮಕ್ಕಳ ದುಃಖವೊಂದೇ ನನ್ನ ಕಣ್ಣಿಗೆ ಕಂಡಿತು. ನಿನ್ನ ಮಕ್ಕಳು ಕಾಣಲಿಲ್ಲ."

"ಬೈದರೆ ಕಿತ್ತ ಕಾರೆಮುಳ್ಳು ಚಿಗುರುತ್ತದೆಯೇ?" ಎಂದಳು ಸೂಜಕ್ಕ, ಮೈಯ ನೀರು ಕೊಡವುತ್ತ. "ಈ ಕೆರೆಯಲ್ಲಿ ಆಳವಿಲ್ಲದೆ ನಡೆದು ಬರುವಂಥ ಜಾಗ ಎಲ್ಲಿದೆ, ತೋರಿಸಿ. ನಾವು ಅಲ್ಲಿ ಕೂರುತ್ತೇವೆ."

ಅಜ್ಜ ತೋರಿಸಿದ. ಮುಳ್ಳುಹಂದಿಗಳು ಆ ದಡದಲ್ಲಿ ಮುಳ್ಳು ನಿಗುರಿಸಿ, ಬೆನ್ನು ತಿರುಗಿಸಿ ಸಾಲಾಗಿ ಕೂತವು. ಅವುಗಳ ನಡುವೆ ಕಡವೆಗಳು ಕೊಂಬು ತಗ್ಗಿಸಿ ನಿಂತವು. ಮೊಣಕಾಲುದ್ದದ ನೀರಿನಲ್ಲಿ ನುಗ್ಗಿ ಬಂದ ತೋಳಗಳು ಮೂತಿಯ ತುಂಬ ಮುಳ್ಳು ಚುಚ್ಚಿಸಿಕೊಂಡು ಹಿಂದಿರುಗಿದವು. ಮತ್ತೆ ಬಂದವು, ಮತ್ತೆ ಹಿಂದಿರುಗಿದವು.

ಮುಂದೆ ದೂರದ ಕಾಡುಗಳಿಂದಲೂ ನೆರವು ಬಂದು, ತೋಳಗಳನ್ನು ಓಡಿಸಲು ಎಷ್ಟೋ ವರ್ಷ ಹಿಡಿಯಿತು. ಕಂಡಿಯಲ್ಲಿ ಎಲ್ಲರೂ ಒಟ್ಟಾಗಿ ನಿಂತಿದ್ದರೆ ಬದುಕಿರುತ್ತಿದ್ದ ಅನೇಕರು ಆ ಗೆಲುವಿನ ದಿನ ನೋಡಲು ಇರಲಿಲ್ಲ. ಕಡವೆಯಜ್ಜನೂ ಇರಲಿಲ್ಲ. ಅವನು ಮೊದಲ ಚಳಿಗಾಲದಲ್ಲೇ ನಡುಗಡ್ಡೆಯಲ್ಲಿ ತೀರಿಕೊಂಡಿದ್ದ. ಕೊನೆಯವರೆಗೂ ಅವನ ಜಾಗ ಆ ತೆಳುನೀರಿನ ದಡದಲ್ಲೇ, ಮುಳ್ಳುಹಂದಿಗಳ ಸಾಲಿನಲ್ಲೇ ಇತ್ತು.

ನೀತಿ: ನೆರೆಯವರ ಮನೆಯನ್ನು ಬಿಟ್ಟುಕೊಟ್ಟು ಕೊಂಡ ನೆಮ್ಮದಿ ನಮ್ಮ ಮನೆಯಲ್ಲಿ ಬಹುಕಾಲ ನಿಲ್ಲುವುದಿಲ್ಲ.