ಹತ್ತರಲ್ಲಿಟ್ಟ ಗುಂಡಿ

ತಿದ್ದದೆ ಬಿಟ್ಟರೆ ಶಿಷ್ಯರ ದನಿ ತಾನಾಗಿ ತೆರೆಯುತ್ತದೆ ಎಂದು ಆಗ ಊರಿನ ಸಂಗೀತ ಶಿಕ್ಷಕರೆಲ್ಲ ನಂಬಿದ್ದರು. ಯಾರೂ ಪರೀಕ್ಷಿಸಿ ನೋಡಿರಲಿಲ್ಲ. ನಂಬುವುದಕ್ಕೆ ಅದರ ಅಗತ್ಯ ಬೀಳುವುದು ಕಡಿಮೆ.

ಧರಣೇಂದ್ರನೂ ನಂಬಿದ್ದ. ಆರು ತಿಂಗಳು ಹಾಗೆಯೇ ಪಾಠ ನಡೆಸಿದ ಮೇಲೆ ಒಂದು ಬೆಳಿಗ್ಗೆ ತನ್ನ ಗುರುಗಳ ಬಳಿಗೆ ಹೋಗಿ ಕೇಳಿದ:

“ಗುರುಗಳೇ, ನಾನು ಯಾರನ್ನೂ ತಡೆಯುವುದಿಲ್ಲ. ಅಪಸ್ವರ ಬಂದರೂ ಸುಮ್ಮನಿರುತ್ತೇನೆ. ಆದರೂ ಹನ್ನೊಂದು ಮಂದಿ ಶಿಷ್ಯರೂ ಗಂಟಲೊಳಗೇ ಹಾಡಿಕೊಳ್ಳುತ್ತಾರೆ. ಇದೇಕೆ ಹೀಗೆ? ಕಾರಣ ತಿಳಿಯದಿದ್ದರೆ ಈ ತಿಂಗಳಿಗೆ ಪಾಠ ನಿಲ್ಲಿಸಿಬಿಡುತ್ತೇನೆ. ಕಲಿಸುವುದು ನನ್ನ ಕೈಲಾಗದು ಎಂದು ಒಪ್ಪಿಕೊಳ್ಳುತ್ತೇನೆ.”

ಗುರುಗಳು ಸಂಗೀತಕ್ಕೆ ಬರುವ ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದವರು. ಹಾಗಾಗಿ ಅವರ ಕತೆಗಳಲ್ಲಿ ರಾಜರು ಬರುತ್ತಿರಲಿಲ್ಲ. ಅವರು ಹೇಳತೊಡಗಿದರು.

ಒಬ್ಬ ಗಿಟಾರ್ ವಾದಕನಿದ್ದ. ಮದುವೆಗಳಿಗೆ ಹೋಗುವ ಆರ್ಕೆಸ್ಟ್ರಾ ಒಂದರಲ್ಲಿ ನುಡಿಸುತ್ತಿದ್ದ. ಅವನ ಎಲೆಕ್ಟ್ರಿಕ್ ಗಿಟಾರಿನ ದನಿ ಕಂಬಳಿ ಹೊದಿಸಿದಂತೆ ಮಂಕಾಗಿತ್ತು. ತಂಡದ ಯಜಮಾನ ಭಾನುವಾರದವರೆಗೆ ಗಡುವು ಕೊಟ್ಟ. ಅಷ್ಟರಲ್ಲಿ ಸರಿಹೋಗದಿದ್ದರೆ ಗಿಟಾರಿನ ಭಾಗವನ್ನೂ ಕೀಬೋರ್ಡಿನವನೇ ನುಡಿಸುತ್ತಾನೆ ಎಂದ.

ವಾದಕ ತಂತಿ ಬದಲಿಸಿದ. ಸರಿಹೋಗಲಿಲ್ಲ. ಆಂಪ್ಲಿಫೈಯರ್ ಎರವಲು ತಂದ. ಅದರಲ್ಲೂ ಅದೇ ದನಿ. ಬಲ್ಲವರು ನಾಲ್ವರನ್ನು ಕೇಳಿದ. ಮರ ಸರಿಯಿಲ್ಲ ಎಂದು ಮೂವರು ಹೇಳಿದರು. ನಾಲ್ಕನೆಯವನು ಬೆರಳು ಸರಿಯಿಲ್ಲ ಎಂದ. ಕೊನೆಗೆ ಶುಕ್ರವಾರ ಒಬ್ಬ ರಿಪೇರಿಯವನ ಅಂಗಡಿಗೆ ಹೋದ.

ರಿಪೇರಿಯವನು ಗಿಟಾರಿನ ಮುಚ್ಚಳ ಬಿಚ್ಚಿದ. ವಾಲ್ಯೂಮ್ ಗುಂಡಿಯ ಕೆಳಗೆ ಒಂದು ಕಂಟ್ರೋಲ್, ಟೋನ್ ಗುಂಡಿಯ ಕೆಳಗೆ ಇನ್ನೊಂದು. ಹಿಂದೆ ಯಾರೋ ಹಾಳಾದವನ್ನು ತೆಗೆದು, ಟ್ರಾನ್ಸಿಸ್ಟರ್ ರೇಡಿಯೋದಿಂದ ಕಿತ್ತ ಬರೀ ಐವತ್ತು ಸಾವಿರ ಓಮ್ ತಡೆಯವನ್ನು ಕೂರಿಸಿದ್ದರು. ಗುಂಡಿ ನಯವಾಗಿ ತಿರುಗುತ್ತಿತ್ತು. ತಿರುಗುವುದನ್ನು ಯಾರೂ ಅನುಮಾನಿಸುವುದಿಲ್ಲ.

“ಇದರ ಜಾಗದಲ್ಲಿ ಬೇರೆಯದು ಬೇಕು” ಎಂದ ರಿಪೇರಿಯವನು, ವಾಲ್ಯೂಮಿನದನ್ನು ತೋರಿಸಿ.

“ಅದರ ತಂಟೆಗೆ ಹೋಗಬೇಡಿ ಸಾರ್. ನಾನು ಆ ಗುಂಡಿ ಮುಟ್ಟುವುದೇ ಇಲ್ಲ. ಯಾವಾಗಲೂ ಹತ್ತರಲ್ಲೇ ಇರುತ್ತದೆ. ಪೂರ್ತಿ ತೆರೆದಿಟ್ಟ ಮೇಲೆ ಅದು ಇದ್ದರೇನು, ಬಿಟ್ಟರೇನು?”

ರಿಪೇರಿಯವನು ಎರಡೂ ಕಂಟ್ರೋಲುಗಳ ವೈರ್ ಬಿಡಿಸಿದ. ತಂತಿಯ ಕಂಪನ ಹಿಡಿಯುವ ಪಿಕಪ್ಪನ್ನು ನೇರವಾಗಿ ಆಂಪ್ಲಿಫೈಯರಿಗೆ ಜೋಡಿಸಿದ. ವಾದಕ ಒಂದು ತಂತಿ ಮೀಟಿದ. ಎದುರಿನ ಅಂಗಡಿಯವನು ತಿರುಗಿ ನೋಡಿದ.

“ಕಂಟ್ರೋಲಿನ ಒಂದು ತುದಿ ಅರ್ತ್‌ಗೆ ಕಟ್ಟಿರುತ್ತದೆ” ಎಂದ ರಿಪೇರಿಯವನು. “ಹತ್ತರಲ್ಲಿಟ್ಟರೂ ಆ ದಾರಿ ಮುಚ್ಚುವುದಿಲ್ಲ. ನೀವು ಮುಟ್ಟದಿದ್ದರೂ ಅದು ಕುಡಿಯುತ್ತಲೇ ಇರುತ್ತದೆ. ಮೊದಲು ಕುಡಿಯುವುದು ದನಿಯ ಹೊಳಪನ್ನು. ಓಮ್ ಕಡಿಮೆಯಾದಷ್ಟೂ ಅದಕ್ಕೆ ಬಾಯಾರಿಕೆ ಹೆಚ್ಚು.”

“ಹಾಗಾದರೆ ಕಿತ್ತೇ ಹಾಕಿ.”

“ಹಾಡುವವರು ದನಿ ತಗ್ಗಿಸಿದಾಗ ಏನು ಮಾಡುತ್ತೀರಿ? ಗಿಟಾರ್ ಎತ್ತಿಕೊಂಡು ಊಟದ ಹಾಲಿಗೆ ಹೋಗುತ್ತೀರಾ?”

ವಾದಕನಿಗೆ ಈಗ ಗಡುವು ಮರೆತು ಕುತೂಹಲ ಹತ್ತಿತು. ಇಬ್ಬರೂ ಕೂತು ಬೇರೆ ಬೇರೆ ಓಮಿನ ಕಂಟ್ರೋಲುಗಳನ್ನು ಒಂದೊಂದಾಗಿ ಜೋಡಿಸಿ ಕೇಳಿದರು. ಹತ್ತು ಲಕ್ಷ ಓಮಿನದು ಕಿವಿ ಚುಚ್ಚಿತು. ಐದು ಲಕ್ಷದ್ದು ಚುಚ್ಚಲಿಲ್ಲ, ಆದರೆ ಗದರಿಸಿತು. ಎರಡೂವರೆ ಲಕ್ಷದ್ದು ಆ ಪಿಕಪ್ಪಿಗೆ ಹೊಂದಿತು. ಬೇರೆ ಪಿಕಪ್ ಆಗಿದ್ದರೆ ಐದು ಲಕ್ಷದ್ದನ್ನೇ ಹಾಕುತ್ತಿದ್ದೆ ಎಂದ ರಿಪೇರಿಯವನು. ಡಬ್ಬದಲ್ಲಿ ಎರಡೂವರೆ ಲಕ್ಷ ಎಂದು ಅಚ್ಚಾದವು ಐದಿದ್ದವು. ಅವನು ಅಚ್ಚನ್ನು ನಂಬದೆ ಮೀಟರಿನಲ್ಲಿ ಅಳೆದ. ಐದೂ ಬೇರೆ ಬೇರೆ ಅಂಕಿ ತೋರಿಸಿದವು. ಎರಡೂವರೆ ಲಕ್ಷಕ್ಕೆ ಹತ್ತಿರವಿದ್ದ ಎರಡನ್ನು ಆರಿಸಿ ಬೆಸೆದ.

ಭಾನುವಾರ ಯಜಮಾನ ಅರ್ಧ ಹಾಡು ಕೇಳಿ, ಕೀಬೋರ್ಡಿನವನಿಗೆ ನಿನ್ನ ಭಾಗ ನೀನು ನೋಡಿಕೋ ಎಂದ.

ಗುರುಗಳು ಕತೆ ನಿಲ್ಲಿಸಿದರು.

ಕತೆ ಧರಣೇಂದ್ರನಿಗೆ ಹಿಡಿಸಿತ್ತು. ತನಗೆ ಸಂಬಂಧಿಸಿದ್ದು ಎನಿಸಲಿಲ್ಲ.

“ಆದರೆ ನನ್ನ ಕಡೆಯಿಂದ ಕುಡಿಯುವಂಥದ್ದು ಏನೂ ಇಲ್ಲ ಗುರುಗಳೇ” ಎಂದ. “ಬಾಯಿ ತೆರೆಯುವುದಿಲ್ಲ. ತಾಳ ಹಾಕುವುದಿಲ್ಲ. ಹುಬ್ಬು ಕೂಡ ಅಲುಗಿಸುವುದಿಲ್ಲ. ಎದುರಿಗೆ ಕೂತು ಕೇಳುತ್ತೇನೆ, ಅಷ್ಟೇ.”

ಗುರುಗಳು ಹೇಳಿದರು:

“ನಿನ್ನೆ ನೀನು ಪಾಠಕ್ಕೆ ಅರ್ಧ ಗಂಟೆ ತಡವಾಗಿ ಹೋದೆಯಲ್ಲ, ಅಷ್ಟು ಹೊತ್ತೂ ಅವರ ಹಾಡು ಬೀದಿಯ ಈ ತುದಿಯಲ್ಲಿರುವ ನನ್ನ ಮನೆಗೆ ಕೇಳಿಸುತ್ತಿತ್ತು.”